ಖಾಲಿ ಇದೆ ಅಂತ ಹೇಳಬೇಡಿ, ತೋರಿಸಿ: ಶೂಟಿಂಗ್ ರೇಂಜ್‌ನಲ್ಲಿ ನಾನು ಕಲಿತ ನಡವಳಿಕೆ

ಶೂಟಿಂಗ್ ರೇಂಜ್‌ನಲ್ಲಿ ಬಾಯಿಮಾತಿಗೆ ಬೆಲೆ ಇಲ್ಲ. "ಇದರಲ್ಲಿ ಗುಂಡಿಲ್ಲ, ನಾನೇ ನೋಡಿದ್ದೇನೆ" ಅಂತ ನೀವು ಎಷ್ಟು ಸಲ ಹೇಳಿದರೂ ಯಾರೂ ತಲೆಯಾಡಿಸುವುದಿಲ್ಲ. ಮೊದಮೊದಲು ಇದು ನನಗೆ ಸ್ವಲ್ಪ ಬಿರುಸು ಅನ್ನಿಸಿತ್ತು. ಆಮೇಲೆ ಅರ್ಥವಾಯಿತು: ಅಲ್ಲಿನ ಶಿಸ್ತೆಲ್ಲ ನಿಂತಿರುವುದೇ ಇದರ ಮೇಲೆ. ನಿಮ್ಮ ಬಂದೂಕು ಯಾವ ಸ್ಥಿತಿಯಲ್ಲಿದೆ ಅಂತ ನಿಮಗೆ ಗೊತ್ತಿದ್ದರೆ ಸಾಲದು. ನಾಲ್ಕು ಹೆಜ್ಜೆ ಆಚೆ ನಿಂತವರಿಗೂ, ನಿಮ್ಮನ್ನು ಕೇಳದೆ, ಬರೀ ನೋಡಿದರೆ ಗೊತ್ತಾಗಬೇಕು.

ನನಗೆ ಕಲಿಸಿದ ಕೋಚ್ ಮೊದಲ ತರಗತಿಯಲ್ಲಿ ಗುಂಡನ್ನೇ ಕೊಡಲಿಲ್ಲ. ಖಾಲಿ ಏರ್ ಪಿಸ್ತೂಲನ್ನು ಮೇಜಿನಿಂದ ಎತ್ತು, ಗುರಿ ಹಿಡಿ, ಕೆಳಗಿಡು. ಮತ್ತೆ ಎತ್ತು, ಮತ್ತೆ ಇಡು. ಅಷ್ಟೇ. ಅವರು ಗಮನಿಸುತ್ತಿದ್ದದ್ದು ನನ್ನ ಗುರಿಯನ್ನಲ್ಲ, ತೋರುಬೆರಳನ್ನು. ಎತ್ತುವಾಗ ಮತ್ತು ಇಡುವಾಗ ಆ ಬೆರಳು ಟ್ರಿಗರ್ ಮೇಲೆ ಇರಬಾರದು. ಟ್ರಿಗರ್ ಗಾರ್ಡ್‌ನ, ಅಂದರೆ ಟ್ರಿಗರ್ ಸುತ್ತ ಇರುವ ಬಳೆಯ ಹೊರಗೆ, ಪಿಸ್ತೂಲಿನ ಪಕ್ಕಕ್ಕೆ ನೀಟಾಗಿ ಚಾಚಿಕೊಂಡಿರಬೇಕು. ಕಣ್ಣು ಗುರಿಯ ಮೇಲೆ ಕೂತ ಮೇಲೆಯೇ ಬೆರಳು ಒಳಗೆ.

ಯಾಕೆ ಅಷ್ಟು ಹಟ? ಗಾಬರಿಯಾದರೆ, ಎಡವಿದರೆ, ಏನಾದರೂ ಜಾರಿ ಬಿದ್ದರೆ ನಮ್ಮ ಕೈ ತಾನಾಗಿಯೇ ಮುಷ್ಟಿ ಕಟ್ಟುತ್ತದೆ. ಆಗ ಐದೂ ಬೆರಳು ಒಟ್ಟಿಗೆ ಮಡಚಿಕೊಳ್ಳುತ್ತವೆ. ತೋರುಬೆರಳೊಂದು ಸುಮ್ನೆ ಇರು ಅಂದರೆ ಇರುವುದಿಲ್ಲ. ಸ್ಪರ್ಧೆಯ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ಹೊರಬೇಕು ಅನ್ನುವುದು ಅಂತರರಾಷ್ಟ್ರೀಯ ನಿಯಮ. 10 ಮೀಟರ್ ಏರ್ ರೈಫಲ್‌ಗೆ ಅಂಥ ಕನಿಷ್ಠ ಮಿತಿಯೂ ಇಲ್ಲ. ಚೆನ್ನಾಗಿ ಹದ ಮಾಡಿದ ರೈಫಲ್‌ನ ಟ್ರಿಗರ್ ತಾಗಿದರೆ ಸಾಕು, ಹಾರುತ್ತದೆ. ಮುಷ್ಟಿ ಕಟ್ಟುವ ಕೈಗೆ ಅದು ಲೆಕ್ಕಕ್ಕೇ ಇಲ್ಲ.

"ಮತ್ತೆ ಸೇಫ್ಟಿ ಲಾಕ್ ಯಾಕಿರುವುದು ಸರ್?" ಅಂತ ಕೇಳಿದ್ದೆ. "ಇರಲಿ ಬಿಡಿ, ಅದು ಯಂತ್ರ. ಅದನ್ನು ನಂಬಿಕೊಂಡು ಯಾವ ಕೆಲಸವನ್ನೂ ಮಾಡಬೇಡಿ" ಅಂದರು. ಅದರ ಬಗ್ಗೆ ಪಾಠ ಅಷ್ಟಕ್ಕೇ ಮುಗಿಯಿತು.

ಖಾಲಿ ಮಾಡುವ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಜಾಸ್ತಿ ಅಪಘಾತಕ್ಕೆ ದಾರಿಯಾಗಬಹುದಾದ ಜಾಗ ಇದು. .22 ಪಿಸ್ತೂಲು (ಸುಮಾರು 0.22 ಇಂಚು ವ್ಯಾಸದ ಸಣ್ಣ ಗುಂಡಿನದು) ಅಂತಿಟ್ಟುಕೊಳ್ಳಿ. ಮೂತಿ ಟಾರ್ಗೆಟ್ ಕಡೆಗೇ ಇರಬೇಕು. ಮೊದಲು ಮ್ಯಾಗಝೀನ್, ಅಂದರೆ ಗುಂಡು ತುಂಬಿದ ಡಬ್ಬಿ, ಹೊರಗೆ. ಆಮೇಲೆ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ, ಹಿಂದಕ್ಕೆ. ಈ ಎರಡರ ಕ್ರಮ ಅದಲುಬದಲಾದರೆ ಏನಾಗುತ್ತದೆ ನೋಡಿ: ಸ್ಲೈಡ್ ಎಳೆದಾಗ ಚೇಂಬರ್‌ನಲ್ಲಿದ್ದ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗ ಅದು) ಗುಂಡು ಹೊರಗೆ ಹಾರುತ್ತದೆ. ಕಣ್ಣಿಗೆ ಕಂಡಿತಲ್ಲ, ಖಾಲಿಯಾಯಿತು ಅನ್ನಿಸುತ್ತದೆ. ಆದರೆ ಸ್ಲೈಡ್ ಮುಂದಕ್ಕೆ ಹೋಗುವಾಗ ಮ್ಯಾಗಝೀನ್‌ನಿಂದ ಇನ್ನೊಂದು ಗುಂಡನ್ನು ಒಳಗೆ ತಳ್ಳಿರುತ್ತದೆ. ಈಗ ಮ್ಯಾಗಝೀನ್ ತೆಗೆದು ಮೇಜಿನ ಮೇಲಿಟ್ಟರೆ ಕೈಯಲ್ಲಿರುವುದು ಗುಂಡು ತುಂಬಿದ ಪಿಸ್ತೂಲೇ. ನೋಡುವವರಿಗೆ ಖಾಲಿ ಥರ ಕಾಣುತ್ತದೆ, ಅದೇ ಅಪಾಯ.

ಅದಕ್ಕೇ ಸ್ಲೈಡನ್ನು ಹಿಂದಕ್ಕೆ ಎಳೆದು ಅಲ್ಲೇ ಲಾಕ್ ಮಾಡಬೇಕು. ಚೇಂಬರ್ ಒಳಗೆ ಇಣುಕಿ ನೋಡಬೇಕು. ಬೆಳಕು ಕಡಿಮೆಯಿದ್ದರೆ ಕಿರುಬೆರಳಿನ ತುದಿ ಹಾಕಿ ಮುಟ್ಟಿ ನೋಡಬೇಕು. ಆಮೇಲೆ ಸೇಫ್ಟಿ ಫ್ಲ್ಯಾಗ್. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ತುಂಡು ಅದು, ಚೇಂಬರ್‌ಗೆ ಸಿಕ್ಕಿಸುವುದು. ಏರ್ ಗನ್‌ಗಳಲ್ಲಿ ಇದು ಉದ್ದನೆಯ ತಂತಿಯಂತಿದ್ದು ನಳಿಗೆಯ ಪೂರ್ತಿ ಉದ್ದಕ್ಕೂ ಸಾಗಿ ಮುಂದೆ ತುದಿ ಕಾಣಬೇಕು. ಒಳಗೆ ಪೆಲೆಟ್ (ಏರ್ ಗನ್‌ನ ಪುಟ್ಟ ಗುಂಡು) ಸಿಕ್ಕಿಕೊಂಡಿದ್ದರೆ ತುದಿ ಹೊರಗೆ ಬರುವುದೇ ಇಲ್ಲ. ಯಾರು ಯೋಚಿಸಿದರೋ, ನನಗಂತೂ ಈ ಏರ್ಪಾಡು ತುಂಬ ಇಷ್ಟ. ಅದು ಗುರುತೂ ಹೌದು, ಪರೀಕ್ಷೆಯೂ ಹೌದು.

ಮೂತಿಯ ವಿಷಯಕ್ಕೆ ಬಂದರೆ, ಹೊಸಬರಲ್ಲಿ ನಾನು ಪದೇ ಪದೇ ನೋಡುವ ದೃಶ್ಯ ಒಂದಿದೆ. ಒಳ್ಳೆ ಗುಂಡು ಬಿತ್ತು ಅಂದ ಕೂಡಲೇ "ಸರ್, ನೋಡಿದ್ರಾ?" ಅಂತ ಖುಷಿಯಲ್ಲಿ ತಿರುಗುತ್ತಾರೆ. ತಲೆ ತಿರುಗಿದರೆ ಹೆಗಲು ತಿರುಗುತ್ತದೆ, ಹೆಗಲಿನ ಜೊತೆ ಕೈ, ಕೈಯ ಜೊತೆ ಪಿಸ್ತೂಲು. ಪಕ್ಕದ ಲೇನ್‌ನವರು ಒಂದು ಕ್ಷಣ ಅದರ ಎದುರಿಗೆ ಸಿಕ್ಕಿರುತ್ತಾರೆ. ಮೊದಲು ಕೆಳಗಿಡಿ, ಆಮೇಲೆ ಎಷ್ಟು ಬೇಕಾದರೂ ತಿರುಗಿ. ಎಡಕ್ಕೆ ಬಲಕ್ಕೆ ಮಾತ್ರವಲ್ಲ, ಮೇಲಕ್ಕೂ ಎಚ್ಚರ ಬೇಕು. ಚಿಕ್ಕದು ಅಂತ ನಾವು ಹಗುರವಾಗಿ ನೋಡುವ .22 ಗುಂಡು ಕೂಡ 1.5 ಕಿಲೋಮೀಟರ್‌ಗಿಂತ ದೂರ ಹೋಗಬಲ್ಲದು. ಹಿಂದಿನ ಮಣ್ಣಿನ ದಿಬ್ಬ ತಪ್ಪಿದರೆ ಅದು ಎಲ್ಲಿ ಇಳಿಯುತ್ತದೋ ಯಾರಿಗೂ ಗೊತ್ತಿಲ್ಲ.

ಇದಕ್ಕೆ ಸಂಬಂಧಪಟ್ಟ ಒಂದು ಸಣ್ಣ ಉಪಾಯ ನನ್ನದು. ಬಂದೂಕಿನ ಪೆಟ್ಟಿಗೆಯ ಹೊರಗೆ, ಮೂತಿ ಯಾವ ಕಡೆಗಿದೆ ಅಂತ ಬಾಣದ ಸ್ಟಿಕ್ಕರ್ ಅಂಟಿಸಿದ್ದೇನೆ. ಮೇಜಿನ ಮೇಲೆ ಬಾಣ ಟಾರ್ಗೆಟ್ ಕಡೆ ಇರುವ ಹಾಗೆ ಇಟ್ಟು ಆಮೇಲೆ ಮುಚ್ಚಳ ತೆರೆಯುತ್ತೇನೆ. ಇಲ್ಲದಿದ್ದರೆ ತೆರೆದ ಮೇಲೆ ಬಂದೂಕನ್ನು ಅರ್ಧ ಸುತ್ತು ತಿರುಗಿಸಬೇಕಾಗುತ್ತದೆ, ಆ ಅರ್ಧ ಸುತ್ತಿನಲ್ಲಿ ಎಲ್ಲರೂ ಸಿಗುತ್ತಾರೆ.

ಆದೇಶಗಳು ಹೆಚ್ಚೇನಿಲ್ಲ. ಲೋಡ್, ಸ್ಟಾರ್ಟ್, ಸ್ಟಾಪ್, ಅನ್‌ಲೋಡ್. ಲೋಡ್ ಅನ್ನುವ ಮೊದಲು ಗುಂಡು ತುಂಬುವ ಹಾಗಿಲ್ಲ. ಸ್ಟಾಪ್ ಅಂದರೆ ಅರ್ಧ ಒತ್ತಿದ ಟ್ರಿಗರ್ ಕೂಡ ಅಲ್ಲಿಗೇ ನಿಲ್ಲಬೇಕು. "ಇದೊಂದು ಹೊಡೆದುಬಿಡುತ್ತೇನೆ" ಅನ್ನುವ ಮಾತೇ ಇಲ್ಲ. ಶುರು ಮಾಡಿ ಅನ್ನುವ ಅಧಿಕಾರ ರೇಂಜ್ ಆಫೀಸರ್‌ಗೆ ಮಾತ್ರ. ಆದರೆ ಅಪಾಯ ಕಂಡರೆ ಸ್ಟಾಪ್ ಅಂತ ಕೂಗುವ ಹಕ್ಕು ಅಲ್ಲಿರುವ ಎಲ್ಲರಿಗೂ ಇದೆ, ಮೊದಲ ದಿನ ಬಂದವರಿಗೂ. ಸದ್ದು ತಡೆಯಲು ಕಿವಿ ಮುಚ್ಚುವ ಮಫ್ ಹಾಕಿಕೊಂಡಿರುವುದರಿಂದ ಕೆಲವರಿಗೆ ಕೇಳಿಸುವುದಿಲ್ಲ. ಹಾಗಾಗಿ ಪಕ್ಕದವರೆಲ್ಲ ನಿಲ್ಲಿಸಿದರೆ ನಾವೂ ನಿಲ್ಲಿಸಿ ಏನು ಅಂತ ನೋಡಬೇಕು.

ಟಾರ್ಗೆಟ್ ಬದಲಿಸಲು ಜನ ಮುಂದೆ ಹೋಗಿದ್ದಾರೆ ಅಂದರೆ ಬಂದೂಕನ್ನು ಮುಟ್ಟುವಂತಿಲ್ಲ. ಒರೆಸುವುದಕ್ಕೂ ಇಲ್ಲ, ಪೆಟ್ಟಿಗೆಗೆ ಹಾಕುವುದಕ್ಕೂ ಇಲ್ಲ. ಮೇಜಿನಿಂದ ಹಿಂದೆ ಸರಿದು ನಿಲ್ಲಬೇಕು. ಇಲ್ಲೂ ಅದೇ ತರ್ಕ ನೋಡಿ. ಮುಂದೆ ಹೋದವರು ಒಮ್ಮೆ ಹಿಂದಿರುಗಿ ನೋಡಿದರೆ ಯಾರ ಕೈಯೂ ಮೇಜಿನ ಹತ್ತಿರ ಇಲ್ಲ ಅಂತ ಕಾಣಬೇಕು. ನಿಮ್ಮ ಮನಸ್ಸಿನಲ್ಲಿ ಏನಿತ್ತು ಅಂತ ಅವರು ಅಲ್ಲಿಂದ ಹೇಗೆ ತಿಳಿದುಕೊಳ್ಳುತ್ತಾರೆ, ಅಲ್ವಾ?

ಟ್ರಿಗರ್ ಒತ್ತಿದಿರಿ, ಬರೀ "ಟಿಕ್" ಅಂದಿತು. ಆಗ ಬಂದೂಕನ್ನು ತಿರುಗಿಸಿ ನೋಡುವ ಆಸೆ ಎಲ್ಲರಿಗೂ ಬರುತ್ತದೆ. ನೋಡಬೇಡಿ. ಕೆಲವೊಮ್ಮೆ ಮದ್ದು ತಡವಾಗಿ ಹೊತ್ತಿಕೊಳ್ಳುತ್ತದೆ. ಮೂತಿ ಮುಂದಕ್ಕೇ ಇಟ್ಟುಕೊಂಡು ಕನಿಷ್ಠ 30 ಸೆಕೆಂಡ್ ಕಾಯಬೇಕು, ಇನ್ನೊಂದು ಕೈ ಎತ್ತಿ ಆಫೀಸರ್‌ನ್ನು ಕರೆಯಬೇಕು. ಇದಕ್ಕಿಂತ ಕೆಟ್ಟದ್ದು "ಪುಸ್" ಅನ್ನುವ ಸದ್ದು. ಹಿಮ್ಮೆಟ್ಟು ಇಲ್ಲ, ಸದ್ದೂ ಸಣ್ಣದು ಅಂದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಸಿಡಿಯಬಹುದು. ಅಲ್ಲಿಗೇ ನಿಲ್ಲಿಸಿ, ಖಾಲಿ ಮಾಡಿಸಿ, ನಳಿಗೆ ಪರೀಕ್ಷೆ ಮಾಡಿಸಿಯೇ ಮುಂದುವರಿಯಬೇಕು.

ಖಾಲಿ ಕೇಸ್‌ಗಳ, ಅಂದರೆ ಗುಂಡು ಹೋದ ಮೇಲೆ ಉಳಿಯುವ ಲೋಹದ ಕವಚಗಳ ಕಥೆ ಸ್ವಲ್ಪ ತಮಾಷೆ, ಸ್ವಲ್ಪ ಭಯ. ಅವು ಸುಡುಸುಡು ಹಾರಿ ಬರುತ್ತವೆ, ಸಾಮಾನ್ಯವಾಗಿ ಬಲಕ್ಕೆ. ಕಾಲರ್ ಒಳಗೆ ಒಂದು ಬಿತ್ತು ಅಂದರೆ ಎಂಥವರೂ ಕುಣಿಯುತ್ತಾರೆ. ಸುಟ್ಟ ಗಾಯ ದೊಡ್ಡ ಸಂಗತಿಯಲ್ಲ, ಕುಣಿಯುವವರ ಕೈಯಲ್ಲಿ ಪಿಸ್ತೂಲಿದೆಯಲ್ಲ, ಅದು. ಸುಡಲಿ, ಮೊದಲು ಪಿಸ್ತೂಲನ್ನು ಕೆಳಗಿಡಬೇಕು. ಕತ್ತು ಮುಚ್ಚುವ ಅಂಗಿ, ಮುಂದೆ ಅಂಚಿರುವ ಟೋಪಿ ಹಾಕಿಕೊಂಡರೆ ಅರ್ಧ ತಾಪತ್ರಯ ಕಡಿಮೆ.

ಕನ್ನಡಕ ಹಾಕಿ ಅಂತ ಹೇಳಿಸಿಕೊಳ್ಳಬೇಕಾಗಿಲ್ಲ, ಎಲ್ಲರೂ ಹಾಕುತ್ತಾರೆ. ಕಿವಿಯಲ್ಲಿ ಮಾತ್ರ ಸೋಮಾರಿತನ. .22 ಸದ್ದೇ ಸುಮಾರು 140 ಡೆಸಿಬಲ್‌ವರೆಗೆ ಹೋಗುತ್ತದೆ, ದೊಡ್ಡವು ಅದನ್ನೂ ದಾಟುತ್ತವೆ. ಒಮ್ಮೆ ಕೆಟ್ಟ ಕಿವಿ ಮತ್ತೆ ಸರಿಹೋಗುವುದಿಲ್ಲ. ಫೋಮ್ ಪ್ಲಗ್ಗನ್ನು ಬರೀ ತುರುಕಿದರೆ ಉಪಯೋಗವಿಲ್ಲ. ಬೆರಳುಗಳ ನಡುವೆ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗೆ ಸೇರಿಸಿ, ಅದು ಉಬ್ಬುವವರೆಗೆ ಬೆರಳಿಂದ ಒತ್ತಿ ಹಿಡಿಯಬೇಕು. ಮುಚ್ಚಿದ ರೇಂಜ್‌ನಲ್ಲಿ ಅದರ ಮೇಲೆ ಮಫ್ ಕೂಡ ಹಾಕುತ್ತೇನೆ.

ಮಿಕ್ಕಿದ್ದು ಸಾಮಾನ್ಯ ಮರ್ಯಾದೆ. ಗುರಿ ಹಿಡಿದವರನ್ನು ಮಾತಾಡಿಸಬಾರದು. ಇನ್ನೊಬ್ಬರ ಬಂದೂಕನ್ನು ಕೇಳದೆ ಮುಟ್ಟಬಾರದು. ಕೇಳದವರಿಗೆ ಸಲಹೆ ಕೊಡಬಾರದು, ಇದನ್ನು ಮಾತ್ರ ಯಾರೂ ಪಾಲಿಸುವುದಿಲ್ಲ. ಬಂದೂಕು ಕೊಡುವಾಗ ಖಾಲಿ ಮಾಡಿ, ಚೇಂಬರ್ ತೆರೆದು ತೋರಿಸಿಯೇ ಕೊಡಬೇಕು. ತೆಗೆದುಕೊಳ್ಳುವವರು ಈಗ ತಾನೇ ಕಣ್ಣಾರೆ ನೋಡಿದ್ದರೂ ಮತ್ತೊಮ್ಮೆ ತಾವೇ ಪರೀಕ್ಷಿಸಬೇಕು. ಅದನ್ನು ಅನುಮಾನ ಅಂತ ಯಾರೂ ತಿಳಿಯುವುದಿಲ್ಲ. ಆಫೀಸರ್ ಗದರಿದರೆ ಕಾರಣ ವಿವರಿಸಲು ಹೋಗದೆ ಮೊದಲು ಸರಿಮಾಡಿಕೊಳ್ಳಬೇಕು. ಹಳೇ ಕೈಗಳಿಗೇ ಇದು ಕಷ್ಟ ಅನ್ನುವುದು ನಾನು ಕಂಡದ್ದು. ಹೊಸಬರು ಹೆದರಿಕೊಂಡೇ ಸರಿಯಾಗಿರುತ್ತಾರೆ.

ಹೊರಡುವಾಗ ಸೋಪು ಹಚ್ಚಿ ಕೈ ತೊಳೆಯಬೇಕು, ಅದಕ್ಕೆ ಮೊದಲು ಏನೂ ತಿನ್ನಬಾರದು. ಸಾಮಾನ್ಯ ಗುಂಡಿನಲ್ಲೂ ಪೆಲೆಟ್‌ನಲ್ಲೂ ಸೀಸವಿದೆ. ಅದು ಬೆರಳಿಂದ ಬಾಯಿಗೆ ಸುಲಭವಾಗಿ ಹೋಗುತ್ತದೆ.

ಈಗ ಒಮ್ಮೊಮ್ಮೆ ಹೊಸಬರನ್ನು ನನ್ನ ಪಕ್ಕ ನಿಲ್ಲಿಸುತ್ತಾರೆ. ಅವರ ಪಿಸ್ತೂಲಿಗೆ ನಾನು ಮೊದಲು ಒಂದೇ ಗುಂಡು ಹಾಕಿಸುತ್ತೇನೆ. ಆ ಸದ್ದಿಗೆ ಬೆಚ್ಚಿಯೋ ಹಿಗ್ಗಿಯೋ ತಿರುಗಿದರೂ ಕೈಯಲ್ಲಿರುವುದು ಖಾಲಿ ಪಿಸ್ತೂಲು. ನಾನು ನಿಲ್ಲುವುದು ಅವರ ಗುಂಡು ಹೊಡೆಯುವ ಕೈಯ ಕಡೆ, ಅರ್ಧ ಹೆಜ್ಜೆ ಹಿಂದೆ, ತಿರುಗಿದರೆ ಮಣಿಕಟ್ಟು ಹಿಡಿಯಲು ಸಿಗುವಷ್ಟು ಹತ್ತಿರ. ಹೀಗೆ ಒಂದೊಂದೇ ಹೊಡೆಯುತ್ತಾ, ಇಟ್ಟು ಆಮೇಲೆ ತಿರುಗುವುದು ಅಭ್ಯಾಸವಾಯಿತು ಅಂತ ಕಂಡ ಮೇಲೆ ಎರಡು ಹಾಕಿಸುತ್ತೇನೆ.