ಹಲ್ಲಿಗೆ ಕ್ಯಾಪ್, ಬ್ರಿಡ್ಜ್ ಹಾಕಿಸುವವರು ಮೊದಲೇ ತಿಳಿದಿರಬೇಕಾದ ವಿಷಯಗಳು

ರೂಟ್ ಕೆನಾಲ್ (ಹುಳುಕು ಹಲ್ಲಿನ ಬೇರಿನೊಳಗೆ ಶುಚಿ ಮಾಡಿ ತುಂಬುವ ಚಿಕಿತ್ಸೆ) ಮಾಡಿಸಿಕೊಂಡು, ನೋವು ಹೋಯ್ತಲ್ಲ ಅಂತ ಕ್ಯಾಪ್ ಹಾಕಿಸದೆ ವರ್ಷಗಟ್ಟಲೆ ಬಿಡುವವರು ನಮ್ಮ ಕಡೆ ತುಂಬಾ ಜನ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಹಲ್ಲು ಮೊದಲೇ ಹುಳುಕಾಗಿ ಅರ್ಧ ಹೋಗಿರುತ್ತದೆ. ಮೇಲಿಂದ ಡಾಕ್ಟರು ಬೇರಿನ ತನಕ ದಾರಿ ಮಾಡಿರುತ್ತಾರೆ. ಒಂದು ದಿನ ಸುಟ್ಟ ಹಲಸಿನ ಬೀಜವೋ ಅಡಿಕೆ ಹೋಳೋ ಅದರ ಮೇಲೆ ಬಿದ್ದರೆ ಉದ್ದಕ್ಕೂ ಸೀಳಿಬಿಡುತ್ತದೆ. ಬೇರಿನವರೆಗೆ ಸೀಳಿದ ಹಲ್ಲನ್ನು ಸಾಮಾನ್ಯವಾಗಿ ಕೀಳಲೇಬೇಕು. ಹಾಗಾಗಿ ದವಡೆ ಹಲ್ಲಾದರೆ ರೂಟ್ ಕೆನಾಲ್ ಮುಗಿದ ಕೆಲವೇ ವಾರಗಳಲ್ಲಿ ಕ್ಯಾಪ್ ಹಾಕಿಸಿಬಿಡಿ. ಮುಂದಿನ ಹಲ್ಲಾಗಿದ್ದು, ಬಹುಪಾಲು ಗಟ್ಟಿಯಾಗಿಯೇ ಉಳಿದಿದ್ದರೆ ಬರೀ ಫಿಲ್ಲಿಂಗ್ ಸಾಕಾಗಬಹುದು. ಅದನ್ನು ಕೇಳಿ ತಿಳಿದುಕೊಳ್ಳಿ.

ಕ್ಯಾಪ್ ಕೂರಬೇಕಾದರೆ ಜಾಗ ಬೇಕಲ್ವಾ? ಅದಕ್ಕೆ ಹಲ್ಲನ್ನು ಸುತ್ತಲೂ ಮತ್ತು ಮೇಲೆ ಸುಮಾರು 1ರಿಂದ 2 ಮಿಲಿಮೀಟರ್ ತೇಯುತ್ತಾರೆ. ತೇಯ್ದದ್ದು ಮತ್ತೆ ಬೆಳೆಯುವುದಿಲ್ಲ. ಇದೊಂದು ತಲೆಯಲ್ಲಿದ್ದರೆ ಡಾಕ್ಟರ ಹತ್ತಿರ ಏನು ಕೇಳಬೇಕು ಅಂತ ತಾನಾಗಿಯೇ ಗೊತ್ತಾಗುತ್ತದೆ. ಮೊದಲ ಪ್ರಶ್ನೆ, ಒಸಡಿನಿಂದ ಮೇಲೆ ಗಟ್ಟಿ ಹಲ್ಲು ಎಷ್ಟು ಉಳಿದಿದೆ? ಸುತ್ತಲೂ ಒಂದೂವರೆ, ಎರಡು ಮಿಲಿಮೀಟರ್ ಆದರೂ ಇದ್ದರೆ ಕ್ಯಾಪ್ ಹಿಡಿದು ನಿಲ್ಲುತ್ತದೆ. ಅಷ್ಟೂ ಇಲ್ಲದೆ ಬರೀ ಫಿಲ್ಲಿಂಗ್ ಮೇಲೆ ಕೂರಿಸಿದರೆ ಬೇಗ ಕಳಚುತ್ತದೆ, ಇಲ್ಲವೇ ಹಲ್ಲೇ ಬುಡದಲ್ಲಿ ಮುರಿಯುತ್ತದೆ. ಎಕ್ಸ್-ರೇ ತೆಗೆಯದೆ ಕ್ಯಾಪ್ ಹಾಕುತ್ತೇನೆ ಅಂದರೆ ಒಪ್ಪಬೇಡಿ.

ಬ್ರಿಡ್ಜ್ ವಿಷಯದಲ್ಲಿ ಇನ್ನೂ ಜಾಸ್ತಿ ಯೋಚನೆ ಬೇಕು. ಒಂದು ಹಲ್ಲು ಹೋಗಿದೆ ಅಂದುಕೊಳ್ಳಿ. ಆಚೆ ಈಚೆ ಇರುವ ಎರಡು ಹಲ್ಲನ್ನು ತೇಯ್ದು, ಅವೆರಡಕ್ಕೂ ಕ್ಯಾಪ್ ಹಾಕಿ, ನಡುವೆ ಒಂದು ಕೃತಕ ಹಲ್ಲನ್ನು ಸೇರಿಸಿ ಒಂದೇ ತುಂಡಾಗಿ ಕೂರಿಸುತ್ತಾರೆ. ಹಳ್ಳಕ್ಕೆ ಸಂಕ ಹಾಕಿದ ಹಾಗೆ, ಎರಡೂ ದಡ ಗಟ್ಟಿ ಇದ್ದರೆ ಮಾತ್ರ ನಿಲ್ಲುತ್ತದೆ. ಪಕ್ಕದ ಹಲ್ಲುಗಳು ಅಲ್ಲಾಡುತ್ತಿದ್ದರೆ, ಒಸಡಿನಲ್ಲಿ ಕೀವು ಇದ್ದರೆ, ಬೇರಿನ ಸುತ್ತ ಮೂಳೆ ಕರಗಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು. ಇನ್ನು ಪಕ್ಕದ ಎರಡೂ ಹಲ್ಲು ಹುಳುಕಿಲ್ಲದೆ ಪೂರ್ತಿ ಚೆನ್ನಾಗಿದ್ದರೆ? ಆಗ ಒಂದು ಹಲ್ಲಿಗಾಗಿ ಎರಡು ಒಳ್ಳೆ ಹಲ್ಲು ತೇಯಿಸುವುದು ನನಗೆ ಸರಿ ಅನ್ನಿಸುವುದಿಲ್ಲ. ಇಂಪ್ಲಾಂಟ್, ಅಂದರೆ ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವುದು, ಆಗುತ್ತದೋ ನೋಡಿ ಅಂತ ಮೊದಲು ಕೇಳಿ. ಅದಕ್ಕೆ ದುಡ್ಡು ಜಾಸ್ತಿ, ತಿಂಗಳುಗಟ್ಟಲೆ ಸಮಯವೂ ಬೇಕು. ಶುಗರ್ ಹತೋಟಿಯಲ್ಲಿ ಇಲ್ಲದವರಿಗೆ, ಬೀಡಿ ಸಿಗರೇಟ್ ಬಿಡದವರಿಗೆ ಅದು ಕೈಕೊಡುವ ಸಾಧ್ಯತೆಯೂ ಹೆಚ್ಚು. ಆದರೆ ಪಕ್ಕದ ಹಲ್ಲು ಮುಟ್ಟಬೇಕಾಗಿಲ್ಲ. ಅದೇ ಆ ಎರಡು ಹಲ್ಲಿಗೆ ಹೇಗೂ ಕ್ಯಾಪ್ ಬೇಕಾಗಿದ್ದರೆ, ಬ್ರಿಡ್ಜ್ ಒಳ್ಳೆಯ ಆಯ್ಕೆ. ಕೈಯಲ್ಲಿ ಅಷ್ಟು ದುಡ್ಡಿಲ್ಲದಿದ್ದರೆ ಸದ್ಯಕ್ಕೆ ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲಿನ ಸೆಟ್ ಮಾಡಿಸಿಕೊಳ್ಳಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಒಳಗಿನ ಹಲ್ಲು, ಯಾರಿಗೂ ಕಾಣಲ್ಲ ಅಂತ ಖಾಲಿ ಬಿಡುವುದು ಮಾತ್ರ ಬೇಡ. ವರ್ಷಗಳು ಹೋದ ಹಾಗೆ ಪಕ್ಕದ ಹಲ್ಲು ಆ ಸಂದಿಗೆ ವಾಲುತ್ತದೆ, ಎದುರಿನ ಹಲ್ಲು ಇಳಿಯುತ್ತದೆ ಅಥವಾ ಏರುತ್ತದೆ, ಆಮೇಲೆ ಬ್ರಿಡ್ಜ್ ಕೂರಿಸೋಕೂ ಜಾಗ ಇರುವುದಿಲ್ಲ. ಹಲ್ಲು ಕಿತ್ತ ಮೇಲೆ ಒಸಡು, ಮೂಳೆ ಒಂದು ಹದಕ್ಕೆ ಬರೋಕೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ಕಾಯಿಸುತ್ತಾರೆ. ಅಷ್ಟು ಕಾಯಿರಿ, ಅದಕ್ಕಿಂತ ಜಾಸ್ತಿ ಬೇಡ.

ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಿಂದ ಚಿಕಿತ್ಸೆಗೆ ಬರುವವರು ದಿನ ಮೊದಲೇ ಲೆಕ್ಕ ಹಾಕಿಕೊಳ್ಳಿ. ಹಲ್ಲು ತೇಯ್ದು ಅಚ್ಚು ತೆಗೆಯೋಕೆ ಒಂದು ಸಲ, ಅಳತೆ ನೋಡೋಕೆ ಒಂದು ಸಲ, ಕೂರಿಸೋಕೆ ಇನ್ನೊಂದು ಸಲ ಬರಬೇಕಾಗಬಹುದು. ಅಡಿಕೆ ಕೊನೆ ಕೊಯ್ಲಿನ ಮಧ್ಯೆಯೋ, ಜೋರು ಮಳೆಗಾಲದಲ್ಲೋ ಶುರುಮಾಡಿ ಅರ್ಧಕ್ಕೆ ನಿಲ್ಲಿಸಬೇಡಿ. ತೇಯ್ದ ಹಲ್ಲನ್ನು ಬರಿದಾಗಿ ಬಿಡಬಾರದು, ತಾತ್ಕಾಲಿಕ ಕ್ಯಾಪ್ ಹಾಕಿಸಿಕೊಂಡೇ ಬಸ್ ಹತ್ತಿ. ಬಿಪಿ, ಶುಗರ್, ರಕ್ತ ತೆಳುವಾಗುವ ಮಾತ್ರೆ, ಬಸಿರು, ಎಲ್ಲವನ್ನೂ ಮೊದಲ ದಿನವೇ ಹೇಳಿ.

ಯಾವ ಕ್ಯಾಪ್ ಒಳ್ಳೆಯದು? ಹಿಂದಿನ ದವಡೆಗೆ ಬರೀ ಮೆಟಲ್ ಗಟ್ಟಿ, ಕಡಿಮೆ ಬೆಲೆ, ಹಲ್ಲನ್ನೂ ಕಡಿಮೆ ತೇಯುತ್ತಾರೆ. ಬಣ್ಣ ಒಂದೇ ಅಡ್ಡಿ. ಒಳಗೆ ಮೆಟಲ್, ಹೊರಗೆ ಪಿಂಗಾಣಿ ಇರುವುದು ಮಧ್ಯಮ ಬೆಲೆಯದು. ಅದರ ಪಿಂಗಾಣಿ ಚೂರು ಏಳಬಹುದು, ಒಸಡು ಸರಿದರೆ ಬುಡದಲ್ಲಿ ಕಪ್ಪು ಗೆರೆ ಕಾಣುತ್ತದೆ. ಜಿರ್ಕೋನಿಯಾ (ಒಂದು ಬಗೆಯ ಗಟ್ಟಿ ಸೆರಾಮಿಕ್) ಬಿಳಿಯೂ ಹೌದು, ಗಟ್ಟಿಯೂ ಹೌದು, ಬೆಲೆಯೂ ಜಾಸ್ತಿ. ಅದರ ಜೊತೆ ವಾರಂಟಿ ಕಾರ್ಡ್ ಕೊಟ್ಟರೆ ಜೋಪಾನ ಮಾಡಿ. ನಕಲಿ ಒಡವೆ ಅಥವಾ ವಾಚ್ ಕಟ್ಟಿದರೆ ಚರ್ಮ ತುರಿಸುತ್ತದೆ ಅನ್ನುವವರು ಮೆಟಲ್ ಆರಿಸುವ ಮುಂಚೆ ಅದನ್ನು ಹೇಳಲೇಬೇಕು, ಹಲವು ಮೆಟಲ್ ಕ್ಯಾಪ್‌ಗಳಲ್ಲಿ ಅಂಥ ತುರಿಕೆ ತರಬಲ್ಲ ನಿಕ್ಕಲ್ ಲೋಹ ಇರುತ್ತದೆ. ಲೆಕ್ಕ ಹಲ್ಲಿಗಿಷ್ಟು ಅಂತ ಇರುವುದರಿಂದ ಹೋಗಿದ್ದು ಒಂದೇ ಹಲ್ಲಾದರೂ ಬ್ರಿಡ್ಜಿಗೆ ಬಿಲ್ ಮೂರು ಹಲ್ಲಿನದ್ದು ಬರುತ್ತದೆ. ಖರ್ಚು ಕಷ್ಟ ಅನ್ನುವವರು ಶಿವಮೊಗ್ಗದ ಶರಾವತಿ ಡೆಂಟಲ್ ಕಾಲೇಜಿನಲ್ಲೂ ವಿಚಾರಿಸಿ. ಡೆಂಟಲ್ ಕಾಲೇಜುಗಳಲ್ಲಿ ಕಲಿಯುವವರು ಮೇಷ್ಟ್ರುಗಳ ಕಣ್ಣಳತೆಯಲ್ಲಿ ಕೆಲಸ ಮಾಡುತ್ತಾರೆ, ಓಡಾಟ ಸ್ವಲ್ಪ ಜಾಸ್ತಿಯಾಗಬಹುದು. ಸಂತೆ ಬದಿಯಲ್ಲಿ ಒಂದೇ ಗಂಟೆಗೆ ಹಲ್ಲು ಕಟ್ಟಿಕೊಡುವವರ ಹತ್ತಿರ ಮಾತ್ರ ಹೋಗಬೇಡಿ. ಒಸಡಿನ ಮೇಲೇ ಅಂಟಿಸಿದ ಹಲ್ಲಿನ ಕೆಳಗೆ ತೊಳೆಯೋಕೆ ಆಗದೆ, ಇದ್ದ ಹಲ್ಲೂ ಹೋಗುತ್ತದೆ.

ಕೂರಿಸುವ ದಿನ ತೆಳುವಾದ ಬಣ್ಣದ ಕಾಗದ ಇಟ್ಟು ಕಚ್ಚಿ ಅನ್ನುತ್ತಾರೆ. ಎಲ್ಲಿ ಎತ್ತರ ಇದೆಯೋ ಅಲ್ಲಿ ಬಣ್ಣ ದಟ್ಟವಾಗಿ ಕೂರುತ್ತದೆ, ಅಷ್ಟನ್ನು ತೇಯುತ್ತಾರೆ. ಸಂಕೋಚಪಟ್ಟುಕೊಂಡು ಹೂಂ ಸರಿ ಇದೆ ಅನ್ನಬೇಡಿ. ಹಲ್ಲು ಕೂಡಿಸಿದಾಗ ಆ ಕ್ಯಾಪೇ ಮೊದಲು ತಾಗಿದರೆ ಬಾಯಿಬಿಟ್ಟು ಹೇಳಿ. ಇಂಜೆಕ್ಷನ್ ಕೊಟ್ಟಿದ್ದರೆ ಅವತ್ತು ಗೊತ್ತಾಗುವುದಿಲ್ಲ, ಮಾರನೇ ದಿನ ಊಟ ಮಾಡುವಾಗ ಗಮನಿಸಿ. ಎತ್ತರ ಅನ್ನಿಸಿದರೆ ಅಭ್ಯಾಸವಾಗುತ್ತೆ ಅಂತ ಕೂರದೆ ವಾಪಸ್ ಹೋಗಿ.

ಇನ್ನು ಕವಳದ, ಅಂದರೆ ಎಲೆ ಅಡಿಕೆಯ ಮಾತು. ಅಡಿಕೆ ನಮ್ಮ ಅನ್ನ, ನಿಜ. ಆದರೂ ಹೇಳಲೇಬೇಕು, ಒಣಗಿದ ಗಟ್ಟಿ ಗೋಟಡಿಕೆ ಕಡಿದರೆ ಪಿಂಗಾಣಿಯೂ ನಿಲ್ಲುವುದಿಲ್ಲ, ಹಲ್ಲೂ ನಿಲ್ಲುವುದಿಲ್ಲ. ದಿನವಿಡೀ ಅಗಿಯುವವರಲ್ಲಿ ಕೆನ್ನೆ ಒಳಗೆ ಬಿಗಿಯಾಗಿ ಬಾಯಿ ಪೂರ್ತಿ ತೆರೆಯದ ಹಾಗಾಗುವುದುಂಟು, ಆಗ ಹಿಂದಿನ ಹಲ್ಲಿಗೆ ಕೈ ಹಾಕೋಕೇ ಆಗುವುದಿಲ್ಲ. ತಂಬಾಕು ಇಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಕ್ಯಾಪ್ ಹಾಕಿಸುವ ನೆಪದಲ್ಲಾದರೂ ಬಿಡೋಕೆ ನೋಡಿ.

ಕ್ಯಾಪಿಗೆ ಹುಳುಕು ಹಿಡಿಯುವುದಿಲ್ಲ. ಆದರೆ ಅದರ ಅಂಚು ಮುಗಿಯುವಲ್ಲಿ, ಒಸಡಿನ ಹತ್ತಿರ, ಒಳಗಿನ ಹಲ್ಲಿಗೆ ಹಿಡಿಯುತ್ತದೆ. ಬ್ರಷ್ ಆ ಅಂಚಿಗೇ ಹೋಗಬೇಕು. ಬ್ರಿಡ್ಜ್ ಇದ್ದವರು ದಿನಕ್ಕೊಂದು ಸಲ, ರಾತ್ರಿ ಆದರೆ ಒಳ್ಳೆಯದು, ಸೂಪರ್ ಫ್ಲಾಸ್ (ಹಲ್ಲಿನ ಸಂದಿ ಶುಚಿ ಮಾಡುವ ದಾರ) ಬಳಸಿ. ಅದರ ಒಂದು ತುದಿ ಬಿರುಸಾಗಿರುತ್ತದೆ. ಅದನ್ನು ಕೆನ್ನೆ ಕಡೆಯಿಂದ ಕೃತಕ ಹಲ್ಲಿನ ಕೆಳಗೆ ತೂರಿಸಿ, ನಾಲಿಗೆ ಕಡೆ ಎಳೆದುಕೊಂಡು, ದಪ್ಪಗಿನ ಸ್ಪಂಜಿನ ಭಾಗವನ್ನು ಹಿಂದೆ ಮುಂದೆ ಆಡಿಸಿ. ಮೊದಲ ವಾರ ಕಿರಿಕಿರಿ, ಸ್ವಲ್ಪ ರಕ್ತವೂ ಬರಬಹುದು. ಎರಡು ವಾರ ಆದರೂ ರಕ್ತ ನಿಲ್ಲದಿದ್ದರೆ ತೋರಿಸಿ. ಹೀಗೆ ನೋಡಿಕೊಂಡರೆ 10-15 ವರ್ಷ ಬರುವುದು ದೊಡ್ಡ ಮಾತಲ್ಲ.

ಒಂದು ವೇಳೆ ಕ್ಯಾಪ್ ಕಳಚಿ ಕೈಗೆ ಬಂದರೆ ಎಸೆಯಬೇಡಿ. ತೊಳೆದು ಡಬ್ಬಿಯಲ್ಲಿಟ್ಟು ಎರಡು ಮೂರು ದಿನದೊಳಗೆ ಡಾಕ್ಟರಿಗೆ ಕೊಡಿ, ಒಳಗಿನ ಹಲ್ಲು ಚೆನ್ನಾಗಿದ್ದರೆ ಅದನ್ನೇ ಮತ್ತೆ ಕೂರಿಸಬಹುದು. ಫೆವಿಕ್ವಿಕ್ ಹಾಕಿ ಅಂಟಿಸಿಕೊಳ್ಳಬೇಡಿ. ಸಡಿಲವಾದ ಕ್ಯಾಪ್ ಬಾಯಲ್ಲಿಟ್ಟುಕೊಂಡು ಮಲಗಲೂಬೇಡಿ. ನುಂಗಿದರೆ ಸಾಮಾನ್ಯವಾಗಿ ತಾನಾಗಿ ಹೊರಗೆ ಹೋಗುತ್ತದೆ, ಆದರೂ ಡಾಕ್ಟರಿಗೆ ಒಂದು ಫೋನ್ ಮಾಡಿ. ನುಂಗಿದ ಮೇಲೆ ಕೆಮ್ಮು ನಿಲ್ಲದಿದ್ದರೆ ಅಥವಾ ಉಸಿರಿಗೆ ತೊಂದರೆಯಾದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ.