ನುಗ್ಗೆಸೊಪ್ಪಿನ ಪುಡಿ ಗಂಟು ಕಟ್ತಿತ್ತು, ಕೊನೆಗೂ ಸರಿಹೋಯ್ತು

ನಮ್ದು ತಿಪಟೂರು ಕಡೆ ಸಣ್ಣ ಯೂನಿಟ್, ನುಗ್ಗೆಸೊಪ್ಪು ತೊಳ್ದು ಟ್ರೇ ಡ್ರೈಯರ್‌ನಲ್ಲಿ ಒಣಗ್ಸಿ ಪುಡಿ ಮಾಡೋದು. ಮಳೆಗಾಲ ಶುರುವಾದ್ಮೇಲೆ ಪ್ಯಾಕ್ ಮಾಡಿದ ವಾರಕ್ಕೇ ಪುಡಿ ಗಂಟು ಕಟ್ಟೋಕೆ ಶುರುವಾಯ್ತು, ವಾಸನೆ ಬೇರೆ. ಒಣಗಿಲ್ಲ ಅಂತ ಟೆಂಪರೇಚರ್ 55ರಿಂದ 70 ಡಿಗ್ರಿಗೆ ಏರಿಸ್ದೆ, ಅದೇ ತಪ್ಪಾಯ್ತು ನೋಡಿ, ಹಸಿರು ಬಣ್ಣ ಹೋಗಿ ಕಂದು ತಿರುಗ್ತು, ಕೆಳಗಿನ ಟ್ರೇ ಮಾತ್ರ ಇನ್ನೂ ಹಸೀನೇ.

ಆಮೇಲೆ ಒಂದಿನ ತೂಕ ಹಾಕಿ ನೋಡ್ದೆ. ತೊಳೆಯೋಕೆ ಮುಂಚೆ 10 ಕೆಜಿ ಇದ್ದ ಸೊಪ್ಪು, ಜಾಲರಿ ಮೇಲೆ ಅರ್ಧ ಗಂಟೆ ಸೋರಿದ್ಮೇಲೂ 13 ಕೆಜಿ! ಅಂದ್ರೆ 3 ಲೀಟರ್ ನೀರು ಎಲೆಗೆ ಅಂಟ್ಕೊಂಡೇ ಡ್ರೈಯರ್ ಒಳಗೆ ಹೋಗ್ತಿತ್ತು, ಅದ್ರ ಮೇಲೆ ಕರೆಂಟ್ ಉಳೀಲಿ ಅಂತ ಹುಡುಗ್ರು ಹಬೆ ಹೋಗೋ ಕಿಂಡೀನ ಪೂರ್ತಿ ಮುಚ್ಚಿಟ್ಟಿದ್ರು, ಹಬೆ ಒಳಗೇ ಸುತ್ತತಾ ಇದ್ರೆ ಎಷ್ಟು ಬಿಸಿ ಕೊಟ್ರೂ ಒಣಗೋದೆಲ್ಲಿಂದ.

ಈಗ ಎರಡು ಸಲ ನೀರಲ್ಲಿ, ಒಂದ್ಸಲ ಉಪ್ಪುನೀರಲ್ಲಿ, ಮತ್ತೆ ಒಳ್ಳೆ ನೀರಲ್ಲಿ ತೊಳ್ದು, ಬಟ್ಟೆ ಚೀಲಕ್ಕೆ ತುಂಬಿ ಸ್ಪಿನ್ನರ್‌ನಲ್ಲಿ 2 ನಿಮಿಷ ತಿರುಗಿಸ್ತೀವಿ (ಜಾಸ್ತಿ ತಿರುಗಿಸ್ಬೇಡಿ, ಎಲೆ ಜಜ್ಜಿ ಕಪ್ಪಾಗತ್ತೆ). ಟ್ರೇಗೆ ತೆಳ್ಳಗೆ ಹರಡಿ, ಮೊದಲ 2 ಗಂಟೆ ಕಿಂಡಿ ಪೂರ್ತಿ ತೆಗೆದು, ಆಮೇಲೆ ಅರ್ಧ. ಮಧ್ಯ ಒಂದ್ಸಲ ಮೇಲಿನ ಟ್ರೇ ಕೆಳಗೆ, ಕೆಳಗಿಂದು ಮೇಲೆ. ಟೆಂಪರೇಚರ್ ವಾಪಸ್ 55ಕ್ಕೇ. ಪೂರ್ತಿ ಆರಿದ್ಮೇಲೇನೇ ಪುಡಿ ಮಾಡೋದು, ಬಿಸಿ ಬಿಸೀಲಿ ಕವರ್‌ಗೆ ತುಂಬಿದ್ರೆ ಒಳಗೆ ಬೆವರತ್ತೆ.

ಎಲೆ ಬೆರಳಲ್ಲಿ ಮುರಿದ್ರೆ ಪಟ್ ಅನ್ಬೇಕು. ಮೊನ್ನೆ ಒಂದೂವರೆ ತಿಂಗಳ ಹಳೇ ಪ್ಯಾಕೆಟ್ ಒಡೆದೆ, ಪುಡಿ ಹಸಿರಾಗಿ ಉದುರುದುರಾಗೇ ಇತ್ತು.