ಅಮ್ಮನ ಜೊತೆ ಕಾಪು ದೀಪಸ್ತಂಭಕ್ಕೆ ಮರಳಲ್ಲಿ ನಡೆದದ್ದು

ಕಾಪು ಲೈಟ್‌ಹೌಸಿಗೆ ಗಾಡಿಯಲ್ಲೇ ಹೋಗಬಹುದು. ಉಡುಪಿಯಿಂದ ಹೆದ್ದಾರಿ 66ರಲ್ಲಿ ಮಂಗಳೂರು ಕಡೆಗೆ ಸುಮಾರು 13 ಕಿಲೋಮೀಟರ್ ಬಂದು, ಕಾಪು ಪೇಟೆಯಲ್ಲಿ ಕಡಲ ಕಡೆಗೆ ತಿರುಗಿದರೆ ಆಯಿತು. ಆದರೆ ನನಗೆ ಅದನ್ನು ದೂರದಿಂದ ನೋಡುತ್ತಾ, ಮರಳಲ್ಲಿ ನಡೆದುಕೊಂಡೇ ಅದರ ಬುಡಕ್ಕೆ ಹೋಗಬೇಕು ಅಂತ ಆಸೆ. ಅದೂ ಅಮ್ಮನ ಜೊತೆ. ಅಮ್ಮನಿಗೆ 64 ವರ್ಷ, ಮಂಡಿನೋವು ಬೇರೆ.

ಮೊದಲ ಸಲ ಏನೂ ಯೋಚಿಸದೆ ಸುಮ್ನೆ ಹೊರಟೆವು. ಹೋದಾಗ ಭರತದ ಹೊತ್ತು, ಅಂದರೆ ಕಡಲು ಉಬ್ಬಿ ದಡದ ಮೇಲಕ್ಕೆ ಬರುವ ಹೊತ್ತು. ಅಲೆ ದಿಬ್ಬದ ಬುಡಕ್ಕೇ ಬಡಿಯುತ್ತಿತ್ತು. ನಡೆಯಲು ಉಳಿದದ್ದು ಮೇಲಿನ ಒಣ ಮರಳು ಮಾತ್ರ. ಅದರಲ್ಲಿ ಕಾಲು ಹೂತುಹೋಗುತ್ತದೆ, ಹಿಮ್ಮಡಿ ಜಾರುತ್ತದೆ. ಹತ್ತೇ ನಿಮಿಷಕ್ಕೆ ಅಮ್ಮ ಕೂತುಬಿಟ್ಟಳು. "ಸಾಕು ಮಾರಾಯ, ಇನ್ನೊಮ್ಮೆ ಬರುವ" ಅಂದಳು. ನನಗೆ ತುಂಬಾ ಬೇಜಾರಾಯಿತು.

ಎರಡನೇ ಸಲ ಇಳಿತದ ಹೊತ್ತು ನೋಡಿಕೊಂಡೆ. ಇದೊಂದೇ ನಾನು ಬದಲಾಯಿಸಿದ್ದು. ಇವತ್ತು ಐದು ಗಂಟೆಗೆ ಇಳಿತ ಇದ್ದರೆ ನಾಳೆ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಇನ್ನೂ ದೂರ ಸರಿಯುತ್ತದೆ. ಜನವರಿಯ ಅಮಾವಾಸ್ಯೆಯ ಮರುದಿನ, ಬಿಸಿಲು ಸ್ವಲ್ಪ ಇಳಿದ ಮೇಲೆ, ಕೈಪುಂಜಾಲು ಕಡೆಯಿಂದ ದಕ್ಷಿಣಕ್ಕೆ ಹೊರಟೆವು. ಬಲಕ್ಕೆ ಕಡಲು, ಎಡಕ್ಕೆ ತೆಂಗಿನ ಮರಗಳು. ದಾರಿ ತಪ್ಪುವ ಮಾತೇ ಇಲ್ಲ.

ನೀರು ಆಗಷ್ಟೇ ಬಿಟ್ಟುಹೋದ ಮರಳು ಸಿಮೆಂಟಿನ ಹಾಗೆ ಗಟ್ಟಿ. ಕಾಲಿಟ್ಟ ಕಡೆ ಸುತ್ತಲೂ ಒಂದು ಗಳಿಗೆ ಒಣಗಿದಂತೆ ಬೆಳ್ಳಗಾಗಿ, ಮತ್ತೆ ಒದ್ದೆ ಬಣ್ಣಕ್ಕೆ ತಿರುಗುತ್ತದೆ. ಅಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಾ ನಡೆದಳು. ನಮ್ಮ ಹೆಜ್ಜೆ ಸದ್ದಿಗೆ ಏಡಿಗಳು ಓಡಿ ಬಿಲ ಸೇರುತ್ತಿದ್ದವು. ಒಂದು ಕಡೆ ಬಲೆ ಬಿಡಿಸುತ್ತಾ ಕೂತಿದ್ದವರ ಹತ್ತಿರ ಅಮ್ಮ ತುಳುವಿನಲ್ಲಿ ಮೀನಿನ ವಿಷಯ ಕೇಳುತ್ತಾ ನಿಂತಳು. ಮಂಡಿಗೂ ವಿಶ್ರಾಂತಿ ಸಿಕ್ಕಿತು.

ಕಪ್ಪು ಬಿಳಿ ಪಟ್ಟೆಯ ದೀಪಸ್ತಂಭ ಮೊದಲು ಬೆರಳುದ್ದ ಕಾಣುತ್ತದೆ. ನಡೆದಷ್ಟೂ ಬೆಳೆಯುತ್ತದೆ. 1901ರಲ್ಲಿ ಬ್ರಿಟಿಷರು ಕಡಲಂಚಿನ ಬಂಡೆಯ ಮೇಲೆ ಕಟ್ಟಿಸಿದ್ದು, ಎತ್ತರ ಸುಮಾರು 27 ಮೀಟರ್. ಇಲ್ಲಿ ಇಂಥದೊಂದು ಯಾಕೆ ಬೇಕಿತ್ತು ಅಂತ ಇಳಿತದಲ್ಲಿ ಹೋದವರಿಗೆ ಯಾರೂ ಹೇಳಬೇಕಾಗಿಲ್ಲ. ಭರತದಲ್ಲಿ ಅಡಗಿರುವ ಕಲ್ಲುಗಳೆಲ್ಲ ಆಗ ತಲೆ ಎತ್ತಿರುತ್ತವೆ. ರಾತ್ರಿ ಬರುವ ಹಡಗಿಗೆ ಅವು ಕಾಣುವುದಾದರೂ ಹೇಗೆ, ಅಲ್ವಾ?

ಒಳಗೆ ಬಿಡುವುದು ಸಂಜೆ ಸ್ವಲ್ಪ ಹೊತ್ತು ಮಾತ್ರ. ಹಾಗಾಗಿ ಸೂರ್ಯಾಸ್ತಕ್ಕೆ ಕಾಯದೆ ಮೊದಲೇ ಮೇಲೆ ಹೋಗಿಬನ್ನಿ. ಬಂಡೆಯ ಮೆಟ್ಟಿಲನ್ನು ಅಮ್ಮ ನನ್ನ ಹೆಗಲು ಹಿಡಿದು ಹತ್ತಿದಳು. ಒಳಗಿನ ಸುತ್ತು ಮೆಟ್ಟಿಲು ನೋಡಿ, "ನೀನು ಹೋಗಿ ಬಾ, ನಾನು ಇಲ್ಲೇ ಕೂತಿರ್ತೇನೆ" ಅಂದಳು. ಒತ್ತಾಯ ಮಾಡಲಿಲ್ಲ. ತುದಿಯ ಹತ್ತಿರ ದಾರಿ ಇಕ್ಕಟ್ಟು, ಕಡಿದು. ಮಂಡಿನೋವು ಇರುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ.

ಮೇಲೆ ಗಾಳಿ ಜೋರು. ಒಂದು ಕಡೆ ಬರೀ ಕಡಲು, ಇನ್ನೊಂದು ಕಡೆ ತೆಂಗಿನ ತೋಟದ ಹಸಿರು. ನಾವು ನಡೆದುಬಂದ ಮರಳು ಉದ್ದಕ್ಕೂ ಹೊಳೆಯುತ್ತಿತ್ತು. ಕೆಳಗೆ ಬಂಡೆಯ ಮೇಲೆ ಅಮ್ಮ ಸೆರಗು ಹೊದ್ದು ಕೂತಿದ್ದಳು. ಕೂಗಿದೆ, ಗಾಳಿಗೆ ಕೇಳಿಸಲಿಲ್ಲ.

ಮಳೆಗಾಲದಲ್ಲಿ ಈ ದಾರಿ ಖಂಡಿತ ಬೇಡ. ಕಡಲು ಮರಳನ್ನೇ ಕೊರೆದುಕೊಂಡು ಹೋಗುತ್ತದೆ. ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯದು. ಒಳ್ಳೆಯ ದಿನದಲ್ಲೂ ಬಂಡೆಯ ಬುಡದಲ್ಲಿ ನೀರಿಗೆ ಇಳಿಯಬೇಡಿ. ಪಾಚಿ ಜಾರುತ್ತದೆ, ಸೆಳೆತವೂ ಇದೆ.

ಮರಳಿ ನಡೆಯುವ ಯೋಚನೆ ನಾವು ಮಾಡಲಿಲ್ಲ, ಪೇಟೆಗೆ ರಿಕ್ಷಾ ಹಿಡಿಯುವುದು ಅಂತ ಮೊದಲೇ ತೀರ್ಮಾನ. ಹೊರಡುವಷ್ಟರಲ್ಲಿ ಕತ್ತಲಾಗಿ ದೀಪ ಹತ್ತಿತು. ಅಮ್ಮ ರಿಕ್ಷಾದಿಂದ ತಲೆ ಹೊರಗೆ ಹಾಕಿ, ಬೆಳಕು ಒಂದು ಸುತ್ತು ಬರುವವರೆಗೆ ನೋಡಿದಳು. ಆಮೇಲೆ ಕಾಲಿನ ಮರಳು ಕೊಡವಿಕೊಂಡಳು.